ನಿಂತು ಉರಿದ ಡೈನಮೊ ದೀಪ

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡುವ ಹಿರಿಯರು, ಇಂಥ ಸುದ್ದಿ ಶುರುವಾದರೆ ನಾನು ಎದ್ದು ಒಳಗೆ ಹೋಗುವವಳು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು ಇದನ್ನೆಲ್ಲ ನಂಬಿದರೆ ಹೇಗೆ ಎಂಬ ಬಿಗುಮಾನವೂ ಇತ್ತೆನ್ನಿ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ತೊಂಬತ್ತರ ದಶಕದ ನಡುವೆ ಒಂದು ಬನ್ನಿ ಹಬ್ಬದ ಸಂಜೆ ಕಂಡದ್ದನ್ನು ಕಂಡೇ ಇಲ್ಲ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ನಮ್ಮ ಊರು ಸಂಗೊಳ್ಳಿ, ಈಗಲೂ ಅಲ್ಲೇ ಇದ್ದೇವೆ. ಆಗ ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮೂವರೇ. ನನ್ನವರು ಬೈಲಹೊಂಗಲದ ಒಂದು ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಸೈಕಲ್ ಮೇಲೆ ಹೋದರೆ ಬರುವುದು ಕತ್ತಲಾದ ಮೇಲೆ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಬ್ಯಾಟರಿ. ಹೀಗೇ ಒಮ್ಮೆ ಎಮ್ಮೆಗೆ ಗುದ್ದಿ ಮೊಣಕೈ ತರಚಿಕೊಂಡು ಬಂದರು. ಸೈಕಲ್ಲಿಗೆ ಡೈನಮೊ ದೀಪ ಹಾಕಿಸಲೇಬೇಕೆಂದು ಅವತ್ತು ನಾನು ಹಟ ಹಿಡಿದೆ.

ಒಂದು ಭಾನುವಾರ ಇಬ್ಬರೂ ಬೈಲಹೊಂಗಲದ ಹಸನಸಾಬರ ಸೈಕಲ್ ಅಂಗಡಿಗೆ ಹೋದೆವು. ನನ್ನವರ ಕಣ್ಣು ಹೋದದ್ದು ಎರಡು ಬಲ್ಬಿನ, ತಾಟಿನಷ್ಟು ಅಗಲದ, ಫಳಫಳ ಹೊಳೆಯುವ ದೀಪದ ಮೇಲೆ.

"ಅದು ಮೆರವಣಿಗಿಗೆ ಛಲೋ ಐತ್ರಿ. ದಿನಾ ತುಳಿಯಾಕ ಭಾರ ಆಕ್ಕೈತಿ," ಎಂದರು ಹಸನಸಾಬರು.

ಕಡೆಗೆ ನೆತ್ತಿಯ ಮೇಲೆ ಟೊಪ್ಪಿಗೆಯಂಥ ತಗಡಿದ್ದ, ಒಂದೇ ಬಲ್ಬಿನ ಸಣ್ಣ ದೀಪವನ್ನು ನಾನೇ ಆರಿಸಿದೆ. ಇನ್ನು ಡೈನಮೊ ಯಾವ ಗಾಲಿಗೆ ಎಂಬ ಚರ್ಚೆ. ಹಿಂದಿನ ಗಾಲಿಗೆ ಹಾಕಿದರೆ ಉದ್ದ ವಾಯರು ಬರುತ್ತದೆ, ಕ್ಯಾರಿಯರ್ ಮೇಲೆ ಕೂತ ನನ್ನ ಸೀರೆಗೆ ತೊಡರುತ್ತದೆ ಎಂದು ಮುಂದಿನ ಗಾಲಿಗೇ ಹಾಕಿಸಿದೆವು. ಪಟ್ಟಿ ಬಿಗಿಯುವ ಜಾಗದಲ್ಲಿ ಹಸನಸಾಬರು ಬಣ್ಣ ಕೆರೆಯತೊಡಗಿದಾಗ ನನ್ನವರಿಗೆ ತಮ್ಮ ಚರ್ಮವನ್ನೇ ಕೆರೆದಷ್ಟು ಸಂಕಟ. ಬಣ್ಣ ಹೋಗದಿದ್ದರೆ ಕರೆಂಟು ಹಾಯುವುದಿಲ್ಲ ಎಂದು ಹಸನಸಾಬರೂ ಹೇಳಿದರು, ನಾನೂ ಹೇಳಿದೆ. ಊರು ಮುಟ್ಟುವವರೆಗೆ ನನ್ನವರ ಮುಖ ಗಂಟಾಗಿಯೇ ಇತ್ತು.

ಆ ದೀಪ ಬಂದ ಮೇಲೆ ನನ್ನ ಸಂಜೆಗಳು ಹಗುರಾದವು. ನಮ್ಮ ಮನೆ ಊರ ಅಂಚಿನ ದಿಬ್ಬದ ಮೇಲಿದೆ. ಕಟ್ಟೆಯ ಮೇಲೆ ಕೂತರೆ ಹಳ್ಳದವರೆಗಿನ ರಸ್ತೆಯೆಲ್ಲ ಕಾಣುತ್ತದೆ. ಇಳಿಜಾರಿನಲ್ಲಿ ಬೆಳಕು ಹೆಚ್ಚುವುದು, ಏರಿನಲ್ಲಿ ಕುಗ್ಗುವುದು, ಯಾರಾದರೂ ಮಾತಾಡಿಸಿ ಅವರು ನಿಂತರೆ ಪೂರ್ತಿ ಆರುವುದು. ಗಾಲಿ ತಿರುಗಿದರಷ್ಟೇ ಡೈನಮೊದ ದೀಪ ಉರಿಯುತ್ತದೆ, ನಿಂತರೆ ಇಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅತ್ತೆ ಕುಡಗೋಲು, ಈಳಿಗೆ, ಒನಕೆಗಳ ಜೊತೆ ಸೈಕಲ್ಲನ್ನೂ ಇಡಿಸಿದರು. ಮಗನ ಗಾಡಿ ಮಿರಿಮಿರಿ ಮಿಂಚಬೇಕೆಂದು ಕುಸುಬಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಅಡಿಯಿಂದ ಮುಡಿಯವರೆಗೆ ಒರೆಸಿದರು, ಟೈರನ್ನೂ ಬಿಡಲಿಲ್ಲ. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ ಮಧ್ಯಾಹ್ನ ನನ್ನವರು ವಿಭೂತಿ ಹಚ್ಚಿದ ಸೈಕಲ್ಲನ್ನು ಹಾಗೇ ಹೊರತೆಗೆದು, ಅಂಗಡಿಯ ಸಾಹುಕಾರರಿಗೆ ಬನ್ನಿ ಕೊಟ್ಟು ಬರುತ್ತೇನೆಂದು ಬೈಲಹೊಂಗಲಕ್ಕೆ ಹೋದರು. ಹಗಲಿನಲ್ಲಿ ದೀಪದ ಗೊಡವೆ ಯಾರಿಗೆ.

ಸಂಜೆ ಮೋಡ ಕವಿಯಿತು. ಹಳ್ಳದ ಮೇಲುಗಡೆ ಎಲ್ಲೋ ಮಳೆ ಸುರಿಯುತ್ತಿತ್ತು, ಮಿಂಚು ಕಾಣುತ್ತಿತ್ತು. ಓಣಿಯ ಜನ ಬಂದು ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿ ಹೋದರು. ಇವರ ಸುಳಿವಿಲ್ಲ. ನಾನೂ ಅತ್ತೆಯೂ ಕಟ್ಟೆಯ ಮೇಲೆ ಕೂತೆವು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅಂಗಳದಲ್ಲಿ ನಿಂತವರ ಗುರುತು ದನಿಯಿಂದಲೇ ಹಿಡಿಯುತ್ತಿದ್ದರು. ಅಂಥವರು ಹಳ್ಳದ ಕಡೆ ಕೈ ಮಾಡಿದರು.

"ಅಲ್ಲಿ ಬಂದಾನ ನೋಡವಾ. ಯಾಕ ನಿಂತಾನ ಅಂವಾ?"

ನೋಡಿದೆ. ಹಳ್ಳದ ಸೇತುವೆಯ ಹತ್ತಿರ ನಮ್ಮದೇ ದೀಪದ ಹಳದಿ ಬೆಳಕು. ಹೆಚ್ಚುತ್ತಿಲ್ಲ, ಕುಗ್ಗುತ್ತಿಲ್ಲ, ಮುಂದೆ ಬರುತ್ತಿಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ಅದು ರಸ್ತೆಗಿಂತ ಕೆಳಗಿದೆ ಎಂಬುದೂ ತಿಳಿಯಿತು. ಪಕ್ಕದ ಮನೆಯ ಫಕೀರಪ್ಪ ಕಾಕಾರನ್ನು ಕೂಗಿ ಕರೆದೆ. ಅವರು ಬ್ಯಾಟರಿ ಹಿಡಿದು ಬಂದರು.

"ಎಲ್ಲೈತಿ ಬೆಳಕು? ನನಗೇನೂ ಕಾಣವಲ್ದವಾ," ಎಂದರು ಕಾಕಾ. ಆದರೂ ನನ್ನ ಹಿಂದೆ ಓಡಿ ಬಂದರು.

ದಾರಿಯುದ್ದಕ್ಕೂ ಬೆಳಕು ನನ್ನ ಕಣ್ಣ ಮುಂದೆ ಇತ್ತು. ಸೇತುವೆ ಹತ್ತಿರವಾದಾಗ ರಸ್ತೆಯಂಚಿನ ಜಾಲಿ ಕಂಟಿಗಳು ಅಡ್ಡ ಬಂದವು. ಅವನ್ನು ದಾಟಿದರೆ ಬರೀ ಕತ್ತಲೆ. ಕಾಕಾ ಕೆಳಗೆ ಬ್ಯಾಟರಿ ಬಿಟ್ಟರು. ನನ್ನವರು ಹಳ್ಳದ ದಂಡೆಯಲ್ಲಿ ಬಿದ್ದಿದ್ದರು, ಕಾಲ ಮೇಲೆ ಸೈಕಲ್. ನೀರು ಸೊಂಟದವರೆಗೆ ಬಂದಿತ್ತು. ಅವರನ್ನು ಹೇಗೆ ಎಳೆದು ಮೇಲೆ ತಂದೆವೋ ನನಗೆ ಸರಿಯಾಗಿ ನೆನಪಿಲ್ಲ. ಕಾಕಾ ಸೈಕಲ್ಲನ್ನೂ ಎಳೆದು ರಸ್ತೆಗೆ ಹಾಕಿ ಹಿಂತಿರುಗಿ ನೋಡುವಷ್ಟರಲ್ಲಿ, ಅವರು ಬಿದ್ದಿದ್ದ ಜಾಗದ ಮೇಲೆ ಹಳ್ಳದ ಕೆಂಪು ನೀರು ಹರಿಯುತ್ತಿತ್ತು.

ನನ್ನವರು ಕಣ್ಣು ಬಿಟ್ಟು ಬನ್ನಿ ಎಲೆ ಇಟ್ಟಿದ್ದ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡರು. "ನಿನಗಂತ ಇಟ್ಟಿದ್ದೆ. ಬಂಗಾರ ತೊಯ್ದು ಹೋತ ನೋಡು."

"ಬಂಗಾರ ಹಾಳಾಗಲಿ. ನೀವು ಅದೀರಲ್ರಿ," ಎಂದು ರಸ್ತೆಯಲ್ಲೇ ಕೂತು ಅತ್ತುಬಿಟ್ಟೆ. ಅಷ್ಟು ಸಮಾಧಾನದಿಂದ ನಾನು ಬೇರೆ ಯಾವತ್ತೂ ಅತ್ತಿಲ್ಲ.

ಕಾಲಿನ ಎಲುಬು ಮುರಿದಿತ್ತು, ಎರಡು ತಿಂಗಳಿಗೆ ಕೂಡಿತು. ಎಣ್ಣೆಯ ಟೈರಿನ ಮೇಲೆ ಡೈನಮೊ ಜಾರುತ್ತಿತ್ತಂತೆ, ಹೊರಟಾಗಿನಿಂದ ದೀಪ ಒಮ್ಮೆಯೂ ಹತ್ತಿರಲಿಲ್ಲವಂತೆ. ಸುಮ್ಮನೆ ಯಾಕೆ ತಿಕ್ಕಾಟವೆಂದು ಅವರೇ ಡೈನಮೊವನ್ನು ಗಾಲಿಯಿಂದ ಹಿಂದಕ್ಕೆ ಸರಿಸಿ, ಕತ್ತಲಲ್ಲೇ ಬರುತ್ತಿದ್ದಾಗ ಸೇತುವೆಯ ಅಂಚು ಕಾಣದೆ ಕೆಳಗೆ ಬಿದ್ದಿದ್ದರು. ಕಾಕಾರ ಬ್ಯಾಟರಿ ಬೆಳಕಿನಲ್ಲಿ ನಾನೂ ನೋಡಿದ್ದೆ: ಡೈನಮೊ ಗಾಲಿಗೆ ತಾಗಿರಲಿಲ್ಲ, ಗಾಲಿ ಸೊಟ್ಟಗಾಗಿ ಸಿಕ್ಕಿಕೊಂಡಿತ್ತು, ದೀಪದ ಗಾಜಿನ ಜೊತೆ ಬಲ್ಬೂ ಒಡೆದು ಒಳಗೆ ಕೆಸರು ತುಂಬಿತ್ತು.

ಹಾಗಾದರೆ ನಾನು ನೋಡಿದ್ದು ಏನು? ಚಂದ್ರನ ಬೆಳಕು ಗಾಜಿಗೆ ಹೊಡೆದಿರಬೇಕು ಎನ್ನುತ್ತಾರೆ ನನ್ನವರು. ಅವತ್ತು ಚಂದ್ರನೇ ಕಾಣುತ್ತಿರಲಿಲ್ಲ. ಹೆದರಿಕೆಗೆ ಕಣ್ಣು ಏನೇನೋ ತೋರಿಸುತ್ತದೆ ಎಂದರು ಕಾಕಾ. ಇರಬಹುದು, ಆದರೆ ಮೊದಲು ತೋರಿಸಿದವರು ಪೊರೆ ಬಂದ ಕಣ್ಣಿನ ಅತ್ತೆ. ಅವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ.

"ನಾ ಮಾಡಿದ ಪೂಜಿ ಸುಳ್ಳಾಗೂದಿಲ್ಲ," ಎಂದುಬಿಟ್ಟರು. ಆ ಪೂಜೆಯ ಎಣ್ಣೆಯಿಂದಲೇ ದೀಪ ಹತ್ತದೇ ಹೋದದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮರುವರ್ಷ ಅವರಾಗಿಯೇ ಟೈರಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟರು.

ಅತ್ತೆ ಈಗಿಲ್ಲ. ನನ್ನವರು ಮೋಟರ್ ಸೈಕಲ್ ತೆಗೆದುಕೊಂಡು ಎಷ್ಟೋ ವರ್ಷಗಳಾದವು, ಅದರ ದೀಪ ನಿಂತಾಗಲೂ ಉರಿಯುತ್ತದೆ. ಆದರೂ ಹೊತ್ತು ಮುಳುಗಿದ ಮೇಲೆ ನಾನು ಕಟ್ಟೆಗೆ ಬಂದು ಹಳ್ಳದ ಕಡೆ ನೋಡುತ್ತೇನೆ. ಬೆಳಕು ಕಂಡರೆ ಸಾಲದು, ಅದು ಮುಂದೆ ಬರುತ್ತಿದೆಯೇ ಎಂದು ಇನ್ನಷ್ಟು ಹೊತ್ತು ನಿಂತು ನೋಡುತ್ತೇನೆ. ಬರುತ್ತಿದ್ದರೆ ಒಳಗೆ ಹೋಗಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತೇನೆ.