ಗೊಂಬೆ ಕಾಡಿನಲ್ಲಿ ಕುಕ್ಕರ್ ಕೂಗು

ಜೂನ್‌ನಿಂದ ನನ್ನ ಡೈರಿಯ ಪ್ರತಿ ಪುಟದ ಕೆಳಗೆ ಒಂದು ಚೌಕವಿದೆ. ಆ ದಿನ ಅಮ್ಮ ಎಷ್ಟು ಮಾತಾಡಿದಳು ಎಂದು ಅದರಲ್ಲಿ ಬರೆಯುತ್ತೇನೆ. ಸ್ಟ್ರೋಕ್ ಆದ ಮೇಲೆ ಅವಳ ನಡಿಗೆ ಮರಳಿತು, ಬಲಗೈ ಸ್ವಲ್ಪ ಸ್ವಲ್ಪ ಮರಳಿತು, ಮಾತು ಬರಲಿಲ್ಲ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ. ಅವಳು ಹೇಳಬೇಕಾದ್ದು ಬಾಯಿಯವರೆಗೆ ಬಂದು ನಿಂತುಬಿಡುತ್ತದೆ. ಚೌಕದಲ್ಲಿ ಸೊನ್ನೆ.

ಡೈರಿ ಬರೆಯುವುದನ್ನು ಕಲಿಸಿದವಳೂ ಅವಳೇ. ನಾನು ಇಲ್ಲಿ ಅಮೆರಿಕದಲ್ಲೇ ಹುಟ್ಟಿದವಳು, ಕನ್ನಡ ಕೈತಪ್ಪಿ ಹೋಗಬಾರದೆಂದು ದಿನಕ್ಕೊಂದು ಸಾಲು ಬರೆಸುತ್ತಿದ್ದಳು. ‘ತಾರೀಖು ಹಾಕು ಪುಟ್ಟ, ತಾರೀಖಿಲ್ದಿದ್ರೆ ಅದು ಚೀಟಿ’ ಎನ್ನುತ್ತಿದ್ದಳು. ವಾರವಿಡೀ ಜರ್ಸಿ ಸಿಟಿಯಲ್ಲಿ ಕೆಲಸ. ಶನಿವಾರ ಟ್ರೇನ್ ಹಿಡಿದು ಅಪ್ಪ ಅಮ್ಮ ಇರುವ ಪ್ಲೇನ್ಸ್‌ಬರೋಗೆ ಹೋಗುತ್ತೇನೆ. ಉಳಿದ ದಿನಗಳ ಸೊನ್ನೆಯನ್ನು ಅಪ್ಪ ಫೋನಿನಲ್ಲಿ ಹೇಳುತ್ತಾರೆ. ‘ಇವತ್ತೂ ಇಲ್ಲ’ ಅನ್ನುವುದಿಲ್ಲ. ‘ಇವತ್ತು ಚೆನ್ನಾಗಿ ಊಟ ಮಾಡಿದ್ಲು’ ಅನ್ನುತ್ತಾರೆ. ನನಗೆ ಗೊತ್ತಾಗುತ್ತದೆ.

ಮಾತು ಕಳೆದುಕೊಂಡ ಕೆಲವರಿಗೆ ಹಾಡು ಉಳಿದಿರುತ್ತದೆ, ಅವರಿಗೆ ಬಹಳ ಪರಿಚಯವಿರುವ ಹಾಡು ಕೇಳಿಸಿ ನೋಡಿ, ಹಾಡಿನ ಜೊತೆ ಮಾತೂ ಬರಬಹುದು ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದರು. ನಮಗೆಲ್ಲ ಹೊಳೆದದ್ದು ದೇವರನಾಮ. ಪಕ್ಕದ ಬ್ಲಾಕಿನ ಆಂಟಿ ಶ್ರುತಿಪೆಟ್ಟಿಗೆ ಸಮೇತ ಬಂದರು.

‘ನಮ್ಮತ್ತೆಗೆ ಹೀಗೇ ಆಗಿತ್ತು. ನಾನು ಹಾಡಿ ಹಾಡಿ ಮೂರೇ ವಾರದಲ್ಲಿ ಮಾತು ಬಂತು ನೋಡಿ’ ಎಂದರು ಆಂಟಿ.

‘ಸಾಕು ನಿಲ್ಸು ಅನ್ನಕ್ಕೆ ಬಂದಿರ್ಬೇಕು’ ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದರು.

ಆಂಟಿ ಮೇಲಿನ ಸ್ವರಕ್ಕೆ ಹೋದಾಗ ಅಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಆಂಟಿ ಅದನ್ನು ಭಕ್ತಿ ಎಂದುಕೊಂಡರು. ತಿಂಗಳಿಡೀ ಬಂದರು, ಪಾಪ. ಅಮ್ಮನ ತುಟಿ ಅಲುಗಲಿಲ್ಲ.

ಸೆಪ್ಟೆಂಬರ್ ಕೊನೆಗೆ ಅಪ್ಪ ಟ್ರೇಗಳಲ್ಲಿ ರಾಗಿ ಬಿತ್ತಿದರು. ನಮ್ಮದು ಮೈಸೂರಿನ ಮನೆತನ. ನವರಾತ್ರಿಗೆ ಗೊಂಬೆ ಕೂರಿಸಲೇಬೇಕು. ಮೆಟ್ಟಿಲುಗಳ ಕೆಳಗೆ ಕಾರ್ಪೆಟ್ ಮೇಲೆ ಅಮ್ಮ ಪ್ರತಿವರ್ಷ ಒಂದು ಕಾಡು ಮಾಡುತ್ತಿದ್ದಳು. ರಾಗಿ ಪೈರಿನ ಹುಲ್ಲು, ಕನ್ನಡಿಯ ಕೊಳ, ಪ್ಲಾಸ್ಟಿಕ್ ಹುಲಿ, ಸೊಂಡಿಲು ಮುರಿದ ಆನೆ. ಆ ಕಾಡಿಗೊಂದು ಸಂಗೀತವೂ ಇತ್ತು.

ನಾನು ಹುಟ್ಟುವ ಮೊದಲು ಅಪ್ಪನ ಆಫೀಸಿನಲ್ಲಿ ಇಟಲಿ ಮೂಲದ ಹಿರಿಯರೊಬ್ಬರಿದ್ದರು. ಮನೆಯಲ್ಲಿ ಕಾಡು ಮಾಡುತ್ತೇವೆಂದು ಅಪ್ಪ ಹೇಳಿದ್ದಕ್ಕೆ ಅವರು ರೆಕಾರ್ಡ್ ಪ್ಲೇಯರನ್ನೂ ಹಳೆಯ ಇಟಾಲಿಯನ್ ಕಾಡಿನ ಸಿನಿಮಾವೊಂದರ ಸಂಗೀತದ ರೆಕಾರ್ಡನ್ನೂ ಒಂದು ವಾರಕ್ಕೆ ಕೊಟ್ಟರಂತೆ. ಚರ್ಮವಾದ್ಯಗಳು, ಕೊಳಲು, ಮಧ್ಯೆ ಒಬ್ಬ ಹೆಂಗಸಿನ ದನಿ. ಆಕೆ ಹಾಡುವುದರಲ್ಲಿ ಒಂದು ಪದವೂ ಇಲ್ಲ, ಬರೀ ‘ಆ...’ ಎನ್ನುವ ಆಕಾರ. ವಾಪಸ್ ಕೊಡುವ ಮೊದಲು ಅಮ್ಮ ಸ್ಪೀಕರಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿಕೊಂಡಳು. ಬಾಗಿಲು ಹಾಕಿದಳು, ಫೋನ್ ಬಾರದಂತೆ ರಿಸೀವರ್ ಎತ್ತಿಟ್ಟಳು, ಒಲೆಯ ಮೇಲಿದ್ದ ಅನ್ನವನ್ನು ಮರೆತಳು. ಮೂರನೆಯ ಹಾಡಿನಲ್ಲಿ ಆ ಹೆಂಗಸು ಉಸಿರೆಳೆದುಕೊಳ್ಳುವ ಜಾಗದಲ್ಲಿ ನಮ್ಮ ಕುಕ್ಕರ್ ಕೂಗುತ್ತದೆ. ಬೆನ್ನಿಗೇ ಅಮ್ಮನ ದನಿ:

‘ರೀ, ಎಷ್ಟಾಯ್ತು?’

‘ಎರಡೋ ಮೂರೋ.’

‘ಎರಡೋ ಮೂರೋ ಅಂದ್ರೇನ್ರೀ? ಸರಿಯಾಗ್ ಹೇಳಿ!’

ಆಮೇಲೆ ರೆಕಾರ್ಡ್ ಆಗುತ್ತಿರುವುದು ನೆನಪಾಗಿ ಅವಳು ತಡೆಯಲಾರದೆ ನಕ್ಕ ಸದ್ದು.

ಪ್ರತಿ ದಸರಾದಲ್ಲೂ ಆ ಕ್ಯಾಸೆಟ್ಟೇ. ಕುಂಕುಮಕ್ಕೆ ಬಂದವರೆಲ್ಲ ಆ ಜಾಗಕ್ಕೆ ಕಾದು ನಗುತ್ತಿದ್ದರು. ಕುಕ್ಕರಿನ ಸೀಟಿಯನ್ನು ನಾನು ಚಿಕ್ಕಂದಿನಲ್ಲಿ ಆ ಕಾಡಿನ ಹಕ್ಕಿಯೆಂದೇ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಟೇಪ್‌ರೆಕಾರ್ಡರ್ ಕೆಟ್ಟಿತು, ಕ್ಯಾಸೆಟ್ ಗೊಂಬೆಯ ಡಬ್ಬ ಸೇರಿತು.

ಈ ವರ್ಷ ಅಪ್ಪನಿಗೆ ಆ ರೆಕಾರ್ಡಿನ ಹೊದಿಕೆಯ ಚಿತ್ರ ಮಾತ್ರ ನೆನಪಿತ್ತು. ಹುಲಿ, ದೋಣಿ, ತೋಳು ಹರಿದ ಅಂಗಿಯ ಹೆಂಗಸು. ಅಷ್ಟನ್ನೇ ಹಿಡಿದು ಫೋನಿನಲ್ಲಿ ಹುಡುಕಿದೆವು. ಸಿಕ್ಕಿತು. ತೊಳೆದಿಟ್ಟಷ್ಟು ಸ್ವಚ್ಛವಾದ ಸದ್ದು. ಶನಿವಾರ ಮಧ್ಯಾಹ್ನ ಅಮ್ಮ ರಾಗಿ ಟ್ರೇಗೆ ನೀರು ಚಿಮುಕಿಸುತ್ತಿದ್ದಳು. ಮೂರನೆಯ ಹಾಡಿಗೆ ಅವಳು ಗುನುಗತೊಡಗಿದಳು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ನಾಲ್ಕು ತಿಂಗಳಲ್ಲಿ ಅವಳ ಗಂಟಲಿನಿಂದ ಹೊರಟ ಮೊದಲ ಪೂರ್ತಿ ಸಾಲು ಅದು. ಪದವಿಲ್ಲದ ಹಾಡು, ಅದಕ್ಕೇ ಬಂತು.

ಹೆಂಗಸು ಉಸಿರೆಳೆದುಕೊಂಡಳು. ಅಮ್ಮ ನಿಂತಳು. ಬೆರಳೆತ್ತಿ ಅಡುಗೆಮನೆಯ ಕಡೆ ನೋಡಿದಳು. ಇದರಲ್ಲಿ ಕುಕ್ಕರ್ ಕೂಗಲಿಲ್ಲ. ಹಾಡು ಮುಂದೆ ಹೋಯಿತು, ಅವಳು ಹೋಗಲಿಲ್ಲ.

‘ಅಪ್ಪಾ, ಕ್ಯಾಸೆಟ್ ಕೇಳ್ಸೋಣ. ಅದ್ರಲ್ಲಿ ಅವಳ ಮಾತೇ ಇದೆ. ಕೇಳಿದ್ರೆ ಅದನ್ನೇ ಹಿಡ್ಕೊಂಡು ಹೇಳ್ಬಹುದು.’

‘ಬೇಡ ಪುಟ್ಟ.’

‘ಯಾಕೆ?’

‘ಬರ್ದೇ ಇದ್ರೆ?’

ಆದರೂ ಹಾಕಲೇ ಎಂದು ಅಮ್ಮನನ್ನೇ ಕೇಳಿದೆ. ಅವಳು ಹೂಂ ಎನ್ನುವಂತೆ ತಲೆಯಾಡಿಸಿದಳು. ಭಜನೆಯ ಕ್ಯಾಸೆಟ್ಟುಗಳಿಗಾಗಿ ಆಂಟಿ ಇನ್ನೂ ಇಟ್ಟುಕೊಂಡಿದ್ದ ಟೇಪ್‌ರೆಕಾರ್ಡರನ್ನು ತಂದೆ.

ಟೇಪಿನ ಸರಸರದ ನಡುವೆ ಕಾಡು ಎದ್ದಿತು. ಅಮ್ಮ ಗುನುಗಿದಳು. ಕುಕ್ಕರ್ ಕೂಗಿತು. ‘ರೀ, ಎಷ್ಟಾಯ್ತು?’ ಅಮ್ಮನ ಎಡಗೈ ರಾಗಿ ಪೈರಿನ ಮೇಲೇ ನಿಂತಿತು. ತನ್ನ ನಗು ಕೇಳಿ ಅವಳೂ ನಕ್ಕಳು, ಅದೇ ನಗು. ಆಮೇಲೆ ಅಪ್ಪನ ಕಡೆ ತಿರುಗಿ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ನಾನು ನನಗರಿವಿಲ್ಲದೆ ಪೆನ್ನಿನ ಮುಚ್ಚಳ ತೆಗೆದಿದ್ದೆ.

ಬಂದದ್ದು ‘ಆ’. ಆ ಇಟಾಲಿಯನ್ ಹೆಂಗಸಿನ ಆಕಾರ, ಅದೇ ಸ್ವರದಲ್ಲಿ. ಮತ್ತೊಮ್ಮೆ ಪ್ರಯತ್ನಿಸಿದಳು. ಮತ್ತೆ ಅದೇ.

ನಮಗಿಂತ ಮೊದಲು ಅವಳಿಗೇ ತಿಳಿಯಿತು. ಕೈ ಚಾಚಿ ಟೇಪ್ ನಿಲ್ಲಿಸಿದಳು. ಕ್ಯಾಸೆಟ್ ಹೊರತೆಗೆದು ಸೆರಗಿನಿಂದ ಒರೆಸಿ ಡಬ್ಬದಲ್ಲಿಟ್ಟಳು. ಅಪ್ಪ ಪಾತ್ರೆ ತೊಳೆಯಲು ಎದ್ದು ಹೋದರು, ನಲ್ಲಿ ಬಹಳ ಹೊತ್ತು ಓಡುತ್ತಿತ್ತು.

ಮರುದಿನ ಗೊಂಬೆ ಕೂರಿಸಿದೆವು. ಐದು ಮೆಟ್ಟಿಲಿನ ಜಾಗದಲ್ಲಿ ಮೂರು. ಕಾಡನ್ನು ಅಮ್ಮನೇ ಎಡಗೈಯಲ್ಲಿ ಜೋಡಿಸಿದಳು. ಸಂಜೆ ಫೋನ್ ತೋರಿಸಿದಳು: ಸ್ವಚ್ಛವಾದ ಹಾಡೇ ಬೇಕಂತೆ. ಹಾಕಿದೆ. ಗುನುಗುತ್ತ ಬಂದು ಆ ಖಾಲಿ ಜಾಗದಲ್ಲಿ ಮತ್ತೆ ನಿಂತಳು.

ಅಡುಗೆಮನೆಯಿಂದ ಅಪ್ಪನ ದನಿ ಬಂತು.

‘ಮೂರು ಕಣೇ. ಸರಿಯಾಗಿ ಮೂರು. ಆಫ್ ಮಾಡ್ದೆ.’

ಅಮ್ಮ ಆಗಲಿ ಎನ್ನುವಂತೆ ತಲೆಯಾಡಿಸಿ ಹಾಡನ್ನು ಹಿಡಿದುಕೊಂಡಳು. ಚೌಕದಲ್ಲಿ ಸೊನ್ನೆ ಬರೆದೆ. ಈಗ ಗೊಂಬೆಗಳು ಡಬ್ಬ ಸೇರಿವೆ, ರಾಗಿ ಪೈರು ಹಳದಿಯಾಗಿದೆ. ಸಂಜೆ ನಾನು ಫೋನ್ ಮಾಡುವ ಹೊತ್ತಿಗೆ ಹಿಂದೆ ಆ ಹಾಡು ಕೇಳುತ್ತಿರುತ್ತದೆ. ಅಪ್ಪ ನನ್ನೊಡನೆ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ‘ಮೂರು ಕಣೇ’ ಎನ್ನುತ್ತಾರೆ. ಆಮೇಲೆ ನನಗೆ, ಅಮ್ಮ ಚೆನ್ನಾಗಿ ಊಟ ಮಾಡಿದಳೆಂದು ಹೇಳುತ್ತಾರೆ.