ಬೇಡ ಎನ್ನಲು ಕಲಿತ ಮೇಸ್ತ್ರಿ

ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಬೆಂಗಳೂರಿನ ನಾಯಂಡಹಳ್ಳಿಯ ಶೆಡ್ಡಿನಲ್ಲಿ ನೆಲೆ ನಿಂತವರ ಮಗ ಭರಮಪ್ಪ. ಹುಡುಗನಾಗಿದ್ದಾಗ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದ. ಬೇರೆಯವರು ಶಾಲೆಯ ಗಾಜು ಒಡೆದಾಗ, "ನೀನೇನೋ ಒಡೆದಿದ್ದು?" ಎಂದು ಮೇಷ್ಟ್ರು ಗದರಿದರೆ ಅದಕ್ಕೂ ಹೂಂ. ಏಟೂ ಅವನಿಗೇ. ಇಂಥ ಮಕ್ಕಳನ್ನು ಎಷ್ಟು ಒಳ್ಳೆಯವರು ಎಂದು ನಾವು ಹೊಗಳುತ್ತೇವೆ. ನಮಗೆ ಅನುಕೂಲವಾದದ್ದನ್ನೆಲ್ಲ ಒಳ್ಳೆಯದು ಎನ್ನುವ ಚಾಳಿ ನಮ್ಮದು.

ಇಪ್ಪತ್ತರ ಹರೆಯದಲ್ಲಿ ಒಂದು ಹೂಂ ದುಬಾರಿಯಾಯಿತು. ಕಟ್ಟಡದ ಯಜಮಾನ ಅವಸರ ಮಾಡಿದನೆಂದು, ಹಸಿ ಸಜ್ಜಾದ ಕೆಳಗೆ ಆನಿಸಿದ್ದ ಕಂಬಗಳನ್ನು ಭರಮಪ್ಪ ದಿನ ತುಂಬುವ ಮೊದಲೇ ಬಿಚ್ಚಿದ. ಸಜ್ಜಾ ಕುಸಿದು, ಜೊತೆಗಾರ ದುಂಡೇಶನ ಕಾಲು ಮುರಿಯಿತು. ಯಜಮಾನ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೂರು ತಿಂಗಳು ದುಂಡೇಶನನ್ನು ಬಚ್ಚಲಿಗೆ ಹೊತ್ತೊಯ್ದವನು ಭರಮಪ್ಪ. ಆಮೇಲೆ ಅವನು ಬೇರೆಯೇ ಮನುಷ್ಯ.

೨೦೦೬ರಲ್ಲಿ, ಆರ್‌ಪಿಸಿ ಲೇಔಟ್‌ನ ನಿವೃತ್ತ ಗುಮಾಸ್ತ ಕೃಷ್ಣಯ್ಯನವರ ಮನೆಗೆ ಅವನೇ ಮೇಸ್ತ್ರಿ. ಅಡುಗೆಮನೆಗೆ ತಾರಸಿ ಹಾಕಿದ ಒಂಬತ್ತನೇ ದಿನಕ್ಕೆ ಗೃಹಪ್ರವೇಶದ ಮುಹೂರ್ತ ಬಿತ್ತು.

"ಕಂಬ ತೆಗೆಸಿಬಿಡಯ್ಯ. ಹಾಲುಕ್ಕಿಸೋ ಜಾಗದಲ್ಲಿ ಏನಿದು ಕಾಡು?" ಎಂದರು ಕೃಷ್ಣಯ್ಯ.

"ಆಗಂಗಿಲ್ರಿ ಸಾಹೇಬ್ರ. ಇಪ್ಪತ್ತೊಂದು ದಿನ ಆಗ್ಬೇಕ್ರಿ."

"ಬೀಗರು ಬರ್ತಾರೆ ಕಣಯ್ಯ! ಮುಹೂರ್ತ ಕಾಯುತ್ತಾ?"

"ಸಿಮೆಂಟಿಗೆ ಪಂಚಾಂಗ ಓದಾಕ ಬರಂಗಿಲ್ರಿ."

"ಓಹೋ, ಮಾತು ಬೇರೆ! ಮೇಲಿನ ಮಹಡಿ ಕೆಲಸ ನಿಂಗಿಲ್ಲ, ನೋಡ್ಕೋ."

ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಹಳೆಯ ಹೂಂ ನಾಲಗೆಯ ತುದಿಗೆ ಬಂತು. ಭರಮಪ್ಪ ನುಂಗಿಕೊಂಡ.

"ಬ್ಯಾರೇದವ್ರಿಗೆ ಕೊಡ್ರಿ. ಕಂಬ ಮಾತ್ರ ಮುಟ್ಟಾಕ ಬಿಡಂಗಿಲ್ಲ."

ಹೇಳಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತ. ಕೃಷ್ಣಯ್ಯನವರ ಹೆಂಡತಿ ಅಂಜನಮ್ಮ ತಲೆಯೆತ್ತಿ ತಾರಸಿ ನೋಡಿ, "ಇರ್ಲಿ ಬಿಡ್ರೀ, ಕಂಬಕ್ಕೇ ಮಾವಿನೆಲೆ ಕಟ್ಟೋಣ" ಎಂದರು.

ಹಾಲು ಕಂಬಗಳ ನಡುವೆಯೇ ಉಕ್ಕಿತು. ಬೀಗರು ಗೊಣಗುತ್ತ ಬಗ್ಗಿ ಬಗ್ಗಿ ಓಡಾಡಿದರು. ಆ ದಿನ ಕೆಲಸದವರಿಗೆ ಪಂಚೆ, ಶರ್ಟು ಕೊಡುವುದು ಪದ್ಧತಿ. ಪ್ಲಂಬರಿಗೆ ಕೊಟ್ಟರು, ಬಡಗಿಗೆ ಕೊಟ್ಟರು. ತಳಪಾಯದಿಂದ ಮನೆ ಎಬ್ಬಿಸಿದವನ ಮುಂದೆ ಮಾತ್ರ ತಟ್ಟೆ ಬರಲಿಲ್ಲ. ಎಂಥ ಜನವಪ್ಪ ನಾವು! ಭರಮಪ್ಪ ಊಟ ಮಾಡಿ, ಅಂಜನಮ್ಮನವರಿಗೆ ಕೈ ಮುಗಿದು ಹೊರಟ.

ಇಪ್ಪತ್ತೊಂದು ದಿನ ತುಂಬಿದ ಮೇಲೆ ಯಾರೂ ಕರೆಯದಿದ್ದರೂ ಬಂದ. ಮನೆಯವರನ್ನೆಲ್ಲ ರಸ್ತೆಗೆ ಕಳಿಸಿ, ಒಳಗೆ ಒಬ್ಬನೇ ನಿಂತು ಒಂದೊಂದಾಗಿ ಕಂಬ ಬಿಡಿಸಿದ. ಕೊನೆಯದನ್ನು ತೆಗೆದು, ತಾರಸಿಯ ನಟ್ಟನಡುವೆ ಬಂದು ಕತ್ತೆತ್ತಿ ನೋಡಿದ. ಒಂದು ಬಿರುಕಿಲ್ಲ.

"ಬರ್ರೀ ಅಮ್ಮಾರ, ಇನ್ನ ಧೈರ್ಯಲೇ ಒಲಿ ಹಚ್ರಿ" ಎಂದ.