ಕೃಷ್ಣರಾಜನಗರಕ್ಕೆ ಕೆಂಚನ ಖಾಲಿ ಹೊಟ್ಟೆಯ ಪ್ರಯಾಣ

ಅಂತರಸಂತೆಯಿಂದ ಬೆಳಗಿನ ಬಸ್ಸು ಹತ್ತಿದಾಗ ನಮ್ಮ ಸಾಮಾನು ಇಷ್ಟು: ನನ್ನದೊಂದು ಕೈಚೀಲ, ಮಾಸ್ತಣ್ಣನ ಕಂಬಳಿ, ಬಿದಿರಿನ ಕುಕ್ಕೆಯಲ್ಲಿ ಮುದುಡಿ ಮಲಗಿದ್ದ ಕೆಂಚ. ಕೆಂಚ ನನ್ನ ನಾಯಿ. ನಾನು ಕಾಡಂಚಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮನೆಯಿಂದ ಶಾಲೆಗೆ ಎರಡು ಮೈಲಿ ಕಾಲುದಾರಿ. ನಾಲ್ಕು ವರ್ಷ ದಿನವೂ ಅವನು ಮುಂದೆ, ನಾನು ಹಿಂದೆ. ಮೂರು ವಾರದ ಹಿಂದೆ ಆ ದಾರಿಯಲ್ಲಿ ಒಂಟಿ ಹಂದಿಯೊಂದು ನನ್ನ ಮೇಲೆ ನುಗ್ಗಿತು. ಕೆಂಚ ಅಡ್ಡ ಬಂದ, ಕೋರೆ ಅವನ ಹೊಟ್ಟೆಗೆ ತಾಗಿತು. ಪಕ್ಕದ ಗಿರಿಜನ ಹಾಡಿಯ ಮಾಸ್ತಣ್ಣ ಓಡಿಬಂದು ತನ್ನ ತಲೆವಸ್ತ್ರದಲ್ಲಿ ಗಾಯ ಬಿಗಿದು, ಅವನನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ತಂದಿದ್ದ.

ಮೇಲಿನ ಗಾಯವೇನೋ ಮಾಗಿತು. ಆದರೆ ಅದರಡಿ ನಿಂಬೆಹಣ್ಣಿನಷ್ಟಿದ್ದ ಗಂಟೊಂದು ದಿನೇ ದಿನೇ ಊದಿ ತೆಂಗಿನಕಾಯಿಯ ಗಾತ್ರಕ್ಕೆ ಬಂತು. ಒಳಗಿನ ಮಾಂಸ ಹರಿದು ಕರುಳು ಚರ್ಮದ ಕೆಳಗೆ ಜಾರಿದೆ, ಅದು ಅಲ್ಲೇ ಸಿಕ್ಕಿಕೊಂಡರೆ ಒಂದೇ ದಿನದಲ್ಲಿ ನಾಯಿ ಉಳಿಯುವುದಿಲ್ಲ ಎಂದರು ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಯ ದನದ ಡಾಕ್ಟರು. ಇದು ತಮ್ಮ ಕೈಯ ಕೆಲಸವಲ್ಲ, ಬೆಂಗಳೂರಿನ ಶಸ್ತ್ರವೈದ್ಯರೊಬ್ಬರು ತಿಂಗಳಿಗೊಮ್ಮೆ ಕೃಷ್ಣರಾಜನಗರಕ್ಕೆ ಬರುತ್ತಾರೆ, ಅವರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಚೀಟಿಯ ಕೊನೆಗೆ ಎರಡು ಗೆರೆ ಎಳೆದು ಬರೆದಿದ್ದ ಮಾತು ಒಂದೇ: ಹಿಂದಿನ ರಾತ್ರಿಯಿಂದ ನಾಯಿಗೆ ಏನೂ ತಿನ್ನಿಸಕೂಡದು.

ಆ ಮಾತನ್ನು ನಾನು ದಾರಿಯುದ್ದಕ್ಕೂ ಮಾಸ್ತಣ್ಣನಿಗೆ ಪಾಠ ಮಾಡಿದೆ. ಶಾಲೆಯಲ್ಲಿ ಮಗ್ಗಿ ಹೇಳಿಸುವ ಚಾಳಿ, ಬಿಟ್ಟೀತೇ? ಅವನು ಗೆಡ್ಡೆ ಸುಟ್ಟರೂ ಕೆಂಚನಿಗೆ ಪಾಲಿಡುವವನು. ಅವನೇ ಎಲ್ಲಿಯಾದರೂ ಕದ್ದು ತಿನ್ನಿಸಿಬಿಟ್ಟಾನು ಎಂಬ ಅನುಮಾನ ನನಗೆ. ಕಂಡಕ್ಟರು ಕುಕ್ಕೆಗೊಂದು ಲಗೇಜ್ ಟಿಕೆಟ್ ಹರಿದು, ಬೊಗಳಿದರೆ ಮೂವರನ್ನೂ ಇಳಿಸುತ್ತೇನೆ ಎಂದ. ಬಸ್ಸಿನ ತುಂಬ ಕಪಿನಿ ಅಣೆಕಟ್ಟೆಯ ಕೆಲಸದವರು. ಗುದ್ದಲಿ, ಮಂಕರಿಗಳ ನಡುವೆ ಕೆಂಚ ಒಂದು ಸಲವೂ ಬಾಯಿ ಬಿಡಲಿಲ್ಲ. ಕೋಟೆಯಲ್ಲಿ ಬಸ್ಸು ಬದಲಿಸಿ ಹುಣಸೂರಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಿಸಿಲೆಂದರೆ ಬಿಸಿಲು. ಸ್ಟ್ಯಾಂಡಿನ ಹೋಟೆಲಿನಲ್ಲಿ ನಾವು ಅನ್ನ ಸಾರು ಉಂಡೆವು, ಕೆಂಚನಿಗೆ ಮೊಸರನ್ನ. ಅದೇ ಕೊನೆಯ ಊಟ ಎಂದು ಮಾಸ್ತಣ್ಣನಿಗೆ ಮತ್ತೊಮ್ಮೆ ಹೇಳಿದೆ. ಅವನು ತಲೆಯಾಡಿಸಿದ.

ರಾತ್ರಿಗೆ ಬಿಳಿಕೆರೆಯಲ್ಲಿ ಅಕ್ಕನ ಮನೆ. ಭಾವ ರಸ್ತೆ ಪಕ್ಕದಲ್ಲೇ ಸೈಕಲ್ ಷಾಪು ಇಟ್ಟವರು. ಅಕ್ಕ ಕುಕ್ಕೆಯೊಳಗೆ ಇಣುಕಿ, ಇಷ್ಟು ದೂರದಿಂದ ಬಂದ ಜೀವಕ್ಕೆ ಏನೂ ಹಾಕಬಾರದೆ ಎಂದು ಮುಖ ಸಣ್ಣಗೆ ಮಾಡಿದಳು. ನಾನು ಚೀಟಿ ಓದಿ ಹೇಳಿದೆ. ಮುದ್ದೆ, ಉಪ್ಸಾರು ಬಡಿಸಿದಾಗ ಮಾಸ್ತಣ್ಣ ಹಸಿವಿಲ್ಲವೆಂದು ಎದ್ದುಹೋಗಿ ಜಗುಲಿಯಲ್ಲಿ ಕುಕ್ಕೆಯ ಪಕ್ಕ ಕಂಬಳಿ ಹಾಸಿಕೊಂಡ. ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡೆ.

ಮರುದಿನ ಭಾವನೂ ಜೊತೆಗೆ ಹೊರಟರು. ಬಿಳಿಕೆರೆಯಿಂದ ಕೃಷ್ಣರಾಜನಗರದವರೆಗೆ ಗದ್ದೆ, ಕಬ್ಬು, ಮತ್ತೆ ಗದ್ದೆ. ಕಾಡು ನೋಡಿ ಬೆಳೆದ ಕೆಂಚ ಕುಕ್ಕೆಯಿಂದ ಮೂಗು ಹೊರಗಿಟ್ಟು ಆ ಹಸಿರನ್ನೆಲ್ಲ ಮೂಸಿದ. ಎಲ್ಲ ಸರಿಯಾಗುತ್ತದೆಂದು ನನಗೆ ಧೈರ್ಯ ಬಂತು.

ಅಲ್ಲಿನ ದನದ ಆಸ್ಪತ್ರೆಯಲ್ಲಿದ್ದ ಶಸ್ತ್ರವೈದ್ಯರು ನಲವತ್ತರ ಆಸುಪಾಸಿನವರು, ದಪ್ಪ ಕನ್ನಡಕ, ತೋಳು ಮಡಚಿದ ಬಿಳಿ ಅಂಗಿ. ಗಂಟನ್ನು ಒತ್ತಿ ನೋಡಿ, ಇವತ್ತು ಬಂದದ್ದು ಒಳ್ಳೆಯದಾಯಿತು, ಇನ್ನೊಂದು ತಿಂಗಳು ಕಾಯುವ ಹಾಗಿರಲಿಲ್ಲ ಎಂದರು. ಆಮೇಲೆ ಏನೇನು ಮಾಡುತ್ತೇನೆಂದು ಬಿಡಿಸಿ ಹೇಳಿದರು. ಹೊಟ್ಟೆಯ ಕೂದಲು ಬೋಳಿಸುತ್ತಾರೆ. ಮೊದಲು ಮಂಪರಿಗೆ ಒಂದು ಇಂಜೆಕ್ಷನ್, ಆಮೇಲೆ ನಿದ್ದೆಯ ಮದ್ದು. ಕರುಳನ್ನು ಒಳಕ್ಕೆ ತಳ್ಳಿ ಮಾಂಸಕ್ಕೆ ಹಾಕುವ ಹೊಲಿಗೆ ತಾನಾಗಿಯೇ ಕರಗುತ್ತದೆ, ಮೇಲಿನದನ್ನು ಹತ್ತು ದಿನಕ್ಕೆ ಕೋಟೆಯಲ್ಲೇ ಬಿಚ್ಚಿಸಬಹುದು. ಎಚ್ಚರವಾಗುವಾಗ ಗಡಗಡ ನಡುಗುತ್ತಾನೆ, ನಿಮ್ಮ ಗುರುತೂ ಸಿಕ್ಕದಿರಬಹುದು, ಹೆದರಬೇಡಿ ಎಂದರು. ಏನಾದರೂ ತಿಂದಿದ್ದಾನೆಯೇ ಎಂದು ಕೇಳಿದರು. ಏನೂ ಇಲ್ಲ ಎಂದು ಬೆನ್ನು ನೆಟ್ಟಗೆ ಮಾಡಿ ಹೇಳಿದೆ.

ಮೊದಲ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷವಾಗಿತ್ತು. ಕೆಂಚ ಎರಡು ಸಲ ಹೊಟ್ಟೆ ಹಿಂಡಿ, ಡಾಕ್ಟರ ಬೂಟಿನ ಮುಂದೆಯೇ ಕಕ್ಕಿದ. ರಾಗಿಮುದ್ದೆ, ಬನ್ನು, ಬಿಸ್ಕತ್ತು, ಮೂರೂ ಬೇರೆ ಬೇರೆಯಾಗಿ ಗುರುತು ಸಿಗುವಂತಿದ್ದವು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಪೂರಾ ನಿದ್ದೇಲಿದ್ದಾಗ ಬಂದಿದ್ರೆ ಉಸಿರುಗೊಳವೆಗೆ ಹೋಗ್ತಿತ್ತು. ನಾಯಿ ಟೇಬಲ್ ಮೇಲೇ ಹೋಗ್ತಿತ್ತು. ಯಾರು ಕೊಟ್ಟಿದ್ದು?"

ನಾನು ಮಾಸ್ತಣ್ಣನನ್ನೇ ದುರುಗುಟ್ಟಿ ನೋಡಿದೆ. ಬಾಯಿ ಬಿಟ್ಟವರು ಭಾವ. ಬನ್ನು ತಮ್ಮದೆಂದರು, ಅದೂ ಅರ್ಧವೇ. ಬೆಳಿಗ್ಗೆ ಹಾಲು ಕರೆಯುವಾಗ ಅಕ್ಕ ರಾತ್ರಿಯ ಮುದ್ದೆಯಲ್ಲಿ ಒಂದೇ ಒಂದು ತುತ್ತು ಹಾಕಿದ್ದನ್ನು ಕಂಡಿದ್ದರಂತೆ, ಹಾಗಾದರೆ ಅರ್ಧ ಬನ್ನಿಗೆ ಏನಾದೀತು ಎಂದು ಕೊಟ್ಟರಂತೆ. ಉಳಿದದ್ದು ಬಿಸ್ಕತ್ತು. ಆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಿಸ್ಕತ್ತು ತಿನ್ನುವಾಗ ಕೆಂಚ ನನ್ನ ಕೈಯನ್ನೇ ನೋಡುತ್ತಿದ್ದ. ಕೈಗೆ ಸಿಕ್ಕಿದ ಚೂರೊಂದು ಅವನ ಬಾಯಿಗೆ ಹೋಗಿತ್ತು. ಚೀಟಿ ನನ್ನ ಚೀಲದಲ್ಲೇ ಇತ್ತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಿಸ್ಕತ್ತು ನನ್ನದು ಎಂದು ಒಪ್ಪಿಕೊಂಡೆ.

ಇವರೇನು ಕೊಟ್ಟರು ಎಂದು ಡಾಕ್ಟರು ಮಾಸ್ತಣ್ಣನ ಕಡೆ ತಿರುಗಿದರು.

"ನಾನೇನೂ ಕೊಡ್ನಿಲ್ಲ ಸ್ವಾಮಿ. ಟೀಚ್ರಮ್ಮ ಏಳಿದ್ರಲ್ಲ, ಕೊಡ್ಬ್ಯಾಡ ಅಂತ." ಆಮೇಲೆ ತುಸು ಸಂಕೋಚದಿಂದ ಸೇರಿಸಿದ: "ನಾನೂ ಉಣ್ನಿಲ್ಲ. ಅದು ಉಪಾಸ ಇರೋವಾಗ ಅದ್ರ ಮುಂದೆ ನಾನೆಂಗೆ ಉಣ್ಲಿ?"

ಹುಣಸೂರಿನಲ್ಲಿ ಅನ್ನ ಸಾರು ಉಂಡ ನಂತರ ಅವನು ಹನಿ ನೀರು ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ. ನಾನು ಪಾಠ ಮಾಡಬೇಕಾಗಿದ್ದದ್ದು ಯಾರಿಗೆ ಎಂದು ಆಗ ಗೊತ್ತಾಯಿತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಡಾಕ್ಟರು ಗಡಿಯಾರ ನೋಡಿದರು. ಮಧ್ಯಾಹ್ನದ ರೈಲಿಗೆ ಅವರು ಹೊರಡಬೇಕಿತ್ತು. ನಾಲ್ಕು ಗಂಟೆಗೆ ಮೊದಲು ಈ ನಾಯಿಗೆ ನಿದ್ದೆಯ ಮದ್ದು ಕೊಡುವಂತಿಲ್ಲ, ಮುಂದಿನ ತಿಂಗಳವರೆಗೆ ಬಿಡುವಂತೆಯೂ ಇಲ್ಲ. ಅವರು ಮತ್ತೊಮ್ಮೆ ಮಾಸ್ತಣ್ಣನ ಮುಖ ನೋಡಿ, "ರೈಲು ನಾಳೆಯೂ ಇದೆ" ಎಂದರು. "ಆದ್ರೆ ಅಲ್ಲೀವರೆಗೆ ನಾಯಿ ಹತ್ರ ಇವರೊಬ್ಬರೇ ಕೂತಿರ್ಲಿ. ನೀವಿಬ್ರೂ ಹೊರಗಿರಿ."

ಹೊರಗೆ ಹೊಂಗೆಮರದ ಕೆಳಗೆ ಭಾವನೂ ನಾನೂ ಶಿಕ್ಷೆಗೆ ನಿಲ್ಲಿಸಿದ ಮಕ್ಕಳಂತೆ ಕೂತೆವು. ಭಾವ ಹೋಟೆಲಿನಿಂದ ಮಾಸ್ತಣ್ಣನಿಗೆ ಊಟ ತಂದರು. ಕೆಂಚ ಕಣ್ಣು ಬಿಡಲಿ, ಆಮೇಲೆ ಎಂದುಬಿಟ್ಟ.

ನಾಲ್ಕಕ್ಕೆ ಒಳಗೆ ಕರೆದುಕೊಂಡರು. ಮುಕ್ಕಾಲು ಗಂಟೆಯ ಕೆಲಸ. ಆ ಹೊತ್ತಿನಲ್ಲಿ ನನಗೆ ತಿಳಿದ ದೇವರನ್ನೆಲ್ಲ ಕೂಗಿದೆ. ಆಮೇಲೆ ಕೆಂಚನನ್ನು ಕಂಬಳಿಯಲ್ಲಿ ಸುತ್ತಿ ವರಾಂಡದಲ್ಲಿ ಮಲಗಿಸಿದರು. ಹೇಳಿದಂತೆಯೇ ಗಡಗಡ ನಡುಗಿದ, ನನ್ನನ್ನು ನೋಡಿ ಗುರ್ ಎಂದ. ಹೊತ್ತು ಇಳಿಯುವಷ್ಟರಲ್ಲಿ ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯಿತು. ನಾನು ಎಲ್ಲರೆದುರಿಗೇ ಅತ್ತೆ. ಮಾಸ್ತಣ್ಣ ಆರಿಹೋದ ಅನ್ನದ ಪೊಟ್ಟಣ ಬಿಚ್ಚಿ, ಗೋಡೆಯ ಕಡೆ ತಿರುಗಿ ಕೂತು ಒಂದಗುಳೂ ಬಿಡದೆ ಉಂಡ.

ರಾತ್ರಿ ಡಾಕ್ಟರು ಕೆಂಚನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮರುದಿನ ರೈಲಿಗೆ ಹೊರಡುವ ಮುನ್ನ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅವನ ಕೊರಳಿಗೆ ಕಟ್ಟಿದರು: ಸಂಜೆಯವರೆಗೆ ಗಂಜಿನೀರು ಮಾತ್ರ, ಒಂದು ತುತ್ತೂ ಬೇಡ. ಬಿಳಿಕೆರೆಯಲ್ಲಿ ಅಕ್ಕ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಅದನ್ನು ಓದಿ, ತಟ್ಟೆಯನ್ನು ಸೆರಗಿನ ಹಿಂದೆ ಮುಚ್ಚಿಕೊಂಡಳು. ಹುಣಸೂರಿನಲ್ಲಿ ಕಂಡಕ್ಟರು ರಟ್ಟನ್ನು ಗಟ್ಟಿಯಾಗಿ ಓದಿ ಬಸ್ಸಿನವರಿಗೆಲ್ಲ ಕೇಳಿಸಿದ.

ಕೋಟೆಯಲ್ಲಿ ಅಂತರಸಂತೆಯ ಬಸ್ಸಿಗೆ ಕಾಯುವಾಗ ಎರಡು ಬಾಳೆಹಣ್ಣು ಕೊಂಡು ಒಂದನ್ನು ಮಾಸ್ತಣ್ಣನಿಗೆ ಕೊಟ್ಟೆ. ಅವನು ಹಣ್ಣು ನೋಡಿದ, ಕುಕ್ಕೆ ನೋಡಿದ. ಕೆಂಚ ಎಚ್ಚರವಾಗಿದ್ದ.

"ಸಂಜೆಗಾಯ್ತದೆ ಬುಡಿ" ಎಂದು ಅದನ್ನು ಮಡಿಲಿಗೆ ಕಟ್ಟಿಕೊಂಡ.

ನನ್ನ ಹಣ್ಣಿನ ಸಿಪ್ಪೆ ಆಗಲೇ ಅರ್ಧ ಸುಲಿದಾಗಿತ್ತು. ಅದನ್ನು ಮತ್ತೆ ಮುಚ್ಚಿ ಚೀಲಕ್ಕೆ ಹಾಕಿದೆ. ಅಂತರಸಂತೆಯ ಬಸ್ಸನ್ನು ಮೂವರೂ ಖಾಲಿ ಹೊಟ್ಟೆಯಲ್ಲೇ ಹತ್ತಿದೆವು.